ಜಗಳ ಕಲಿಸಿದ ಗಫೂರ್ ಮಾಸ್ತರರು

ಗಫೂರ್ ಮಾಸ್ತರರಿಗೆ ಸಿಟ್ಟು ಬಂದರೆ ಅವರ ಬಾಯಿಂದ ಕನ್ನಡ ಹೊರಟುಹೋಗುತ್ತಿತ್ತು. ದಿನವಿಡೀ "ಏ ಕಸ್ತೂರಿ, ಇಕಡಿ ಬಾ" ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ "ಆಪ್ ಖಡೇ ಹೋ ಜಾಯಿಯೇ" ಎಂದು, ತಾವು ಎದ್ದು ನಿಲ್ಲಿ ಎಂದು ಉರ್ದುವಿನಲ್ಲಿ ಎಂಟು ವರ್ಷದ ನನಗೆ ನವಾಬರ ಮನೆಯವರಿಗೆ ಸಲ್ಲುವ ಮರ್ಯಾದೆ ಕೊಡತೊಡಗಿದರೆ ಇಡೀ ವರ್ಗ ಉಸಿರು ಬಿಗಿಹಿಡಿಯುತ್ತಿತ್ತು. ಆ ಮರ್ಯಾದೆ ಎರಡು ಮಾತಿಗಿಂತ ಮುಂದೆ ಹೋಗುತ್ತಿರಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ, "ಜರಾ ತಡೀರಿ. ನನಗ ಸಿಟ್ಟು ಬಂದದ. ನೀರು ಕುಡದು ಬರ್ತೇನಿ" ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಬೇವಿನ ಮರದ ಬುಡದಲ್ಲಿದ್ದ ಹರವಿಯಿಂದ ಒಂದು ತಂಬಿಗೆ ನೀರನ್ನು ನಡುನಡುವೆ ನಿಲ್ಲಿಸಿ ನಿಲ್ಲಿಸಿ ಕುಡಿಯುವುದು ನಮಗೆ ಕಿಟಕಿಯಿಂದ ಕಾಣುತ್ತಿತ್ತು. ಒಳಗೆ ಬಂದಾಗ ಅವರ ಕನ್ನಡವೂ ಅವರ ಜೊತೆಗೆ ಬಂದಿರುತ್ತಿತ್ತು.

ಅದು ನಿಜಾಮರ ಆಳಿಕೆಯ ಕೊನೆಯ ಕಾಲ. ಔರಾದಿನ ನಮ್ಮ ಶಾಲೆಯಲ್ಲಿ ಉಳಿದ ಮಾಸ್ತರರ ಸಿಟ್ಟು ಬೆತ್ತದ ತುದಿಯಲ್ಲಿ ಬರುತ್ತಿತ್ತು, ಅದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಹಾಗಾಗಿ ತನಗೆ ಸಿಟ್ಟು ಬಂದಿದೆ ಎಂದು ಮಕ್ಕಳ ಮುಂದೆ ಒಪ್ಪಿಕೊಳ್ಳುವ ಮನುಷ್ಯನನ್ನು ಊರವರು ಸ್ವಲ್ಪ ಅರೆಮರುಳು ಎಂದೇ ಎಣಿಸಿದ್ದರು. ನಮಗೆ ಮಾತ್ರ ಬಹಳ ಇಷ್ಟ. ಉದ್ದನೆಯ ತೆಳ್ಳಗಿನ ದೇಹ, ಮೊಣಕಾಲಿನವರೆಗೆ ಇಳಿದ ಮಾಸಲು ಶೇರವಾನಿ, ನಡೆಯುವಾಗ ಏನೋ ಹುಡುಕುವವರಂತೆ ನೆಲ ನೋಡುವ ಅಭ್ಯಾಸ. ಮೂಲದಲ್ಲಿ ಬೀದರಿನ ಕೋಟೆಯ ಕಡೆಯವರು. ಮೊದಲು ಭಾಲ್ಕಿಯಲ್ಲಿ ಕೆಲಸ ಮಾಡಿ, ಅಲ್ಲಿಂದ ನಮ್ಮೂರಿಗೆ ಬಂದು, ನಮ್ಮ ಓಣಿಯ ಕೊನೆಯ ಮನೆಯಲ್ಲಿ ಹೆಂಡತಿಯೊಂದಿಗೆ ಬಾಡಿಗೆಗೆ ಇದ್ದರು.

ಅವರ ಹಾಜರಿ ಕೂಗುವ ರೀತಿಯೇ ಬೇರೆ. ಹೆಸರು ಕರೆದಾಗ ಎಲ್ಲ ಶಾಲೆಗಳಲ್ಲೂ ಮಕ್ಕಳು "ಹಾಜರ್ ಜನಾಬ್" ಎಂದು ಕೂತುಬಿಡುತ್ತಿದ್ದರು. ಇವರು ಕೂರಲು ಬಿಡುತ್ತಿರಲಿಲ್ಲ. "ಮೈ ಬಂದದ, ಅದು ಕಾಣಸ್ತದ. ಒಳಗ ಏನು ತಂದೀರಿ, ಅದನೂ ಹೇಳ್ರಿ" ಎನ್ನುತ್ತಿದ್ದರು. ಮೊದಮೊದಲು ನಾವೆಲ್ಲ ಒಂದೇ ಸ್ವರದಲ್ಲಿ ಚಲೋ ಅದ, ಚಲೋ ಅದ ಎಂದು ಒಪ್ಪಿಸಿದೆವು. ನಮಗೆ ಬೇರೆ ಶಬ್ದಗಳೇ ಗೊತ್ತಿರಲಿಲ್ಲ. ಆಮೇಲೆ ಅವರು ಕೇಳತೊಡಗಿದರು. ಎಲ್ಲಿ ಚಲೋ ಇದೆ, ಹೊಟ್ಟೆಯಲ್ಲೋ, ಎದೆಯಲ್ಲೋ? ಒಬ್ಬ ಹುಡುಗ ತನ್ನ ಹೊಟ್ಟೆಯಲ್ಲಿ ಏನೋ ಹರಿದಾಡುತ್ತಿದೆ ಎಂದ. ಇವತ್ತು ಲೆಕ್ಕ ಒಪ್ಪಿಸಬೇಕಲ್ಲ, ಅದಕ್ಕೆ ಅಂಜಿಕೆ ಎನ್ನುತ್ತಾರೆ ಎಂದು ಮಾಸ್ತರರು ಹೆಸರು ಕೊಟ್ಟರು. ಹೆಸರು ಸಿಕ್ಕ ಮೇಲೆ ಆ ಹುಡುಗನ ಮುಖವೇ ಸಡಿಲಾಯಿತು. ಹಾಗೆ ಒಂದೊಂದಾಗಿ ಶಬ್ದಗಳು ಬಂದವು. ಮಾತು ಬಿಟ್ಟು ಮುಖ ತಿರುಗಿಸಿ ಕೂರುವುದಕ್ಕೆ ನಾವು ಮುನಿಸು ಎಂದೆವು, ಮರಾಠಿ ಮನೆಯ ಮಕ್ಕಳು ರುಸವಾ ಎಂದರು. ಮುನಿಸು ದೊಡ್ಡದೋ ಸಿಟ್ಟು ದೊಡ್ಡದೋ ಎಂದು ಅರ್ಧ ದಿನ ವಾದ ನಡೆಯಿತು. ಅವತ್ತಿನ ಉರ್ದು ಅಕ್ಷರಪಾಠ, ಅಲಿಫ್ ಬೇ ತೇ, ಹಾಗೆಯೇ ಹಲಗೆಯ ಮೇಲೆ ಉಳಿಯಿತು.

ಒಮ್ಮೆ ಬೀದರಿನಿಂದ ತಪಾಸಣೆಯ ಸಾಹೇಬರು ಬಂದರು. ಕುದುರೆಯ ಬಾಲದಂಥ ಮೀಸೆ. ಹಾಜರಿಯ ಹೊತ್ತಿಗೇ ಬಂದು ಕುರ್ಚಿಯಲ್ಲಿ ಕೂತರು. ನಮ್ಮ ವರ್ಗದ ಬಾಬು ಎದ್ದು ನಿಂತು, ಹಾಜರ್ ಜನಾಬ್, ಸಾಹೇಬರ ಮೀಸೆ ನೋಡಿ ನಗು ಬಂದಿದೆ, ಆದರೆ ತಡೆದುಕೊಂಡಿದ್ದೇನೆ ಎಂದು ಒಪ್ಪಿಸಿದ. ಸಾಹೇಬರಿಗೆ ಕನ್ನಡ ಬಾರದು. ಹುಡುಗ ಏನೆಂದ ಎಂದು ಕೇಳಿದರು. ಗಫೂರ್ ಮಾಸ್ತರರು ಒಂದಕ್ಷರ ಬಿಡದೆ ಉರ್ದುವಿನಲ್ಲಿ ಹೇಳಿದರು. ಸಾಹೇಬರು ಈ ಮಾಸ್ತರ ಮಕ್ಕಳ ಹೊತ್ತು ಹಾಳು ಮಾಡುತ್ತಾನೆ ಎಂದು ಪುಸ್ತಕದಲ್ಲಿ ಬರೆದು ಹೋದರು. ಹೆಡ್‌ಮಾಸ್ತರರು ಕರೆದು ಬೈದಾಗ ಇವರು, ಹುಡುಗ ತಡೆದುಕೊಂಡನಲ್ಲ, ಅದಕ್ಕೂ ಒಂದಿಷ್ಟು ಮಾರ್ಕು ಹಾಕಬೇಕಿತ್ತು ಎಂದರಂತೆ.

ಇದೆಲ್ಲಕ್ಕಿಂತ ಊರಲ್ಲಿ ಹೆಸರಾದದ್ದು ಅವರ ಜಗಳದ ಪಾಠ. ಮಕ್ಕಳು ಬಡಿದಾಡಿಕೊಂಡು ಬಂದರೆ ಅವರು ಯಾರದು ತಪ್ಪು ಎಂದು ಕೇಳುತ್ತಿರಲಿಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ನೀನು ಅವನಾಗಿ ಅವನ ಮಾತು ಹೇಳು, ಅವನು ನೀನಾಗಿ ನಿನ್ನ ಮಾತು ಹೇಳಲಿ ಎನ್ನುತ್ತಿದ್ದರು. ಹೇಳಿದ್ದು ಸರಿಯಾಗಿದೆ ಎಂದು ಎದುರಿನವನು ಹೌದೆನ್ನಬೇಕು. ಹೌದೆನ್ನುವ ತನಕ ಮತ್ತೆ ಮತ್ತೆ ಹೇಳಬೇಕು. "ಎರಡೂ ಕಡಿ ಮಾತು ಹೇಳ್ಲಾಕ ಬರೂದಿಲ್ಲ ಅಂದ್ರ ನಿಮಗ ಜಗಳ ಆಡ್ಲಾಕ ಬರೂದಿಲ್ಲ. ಕಲೀರಿ ಮೊದಲ, ಆಮ್ಯಾಲ ಆಡ್ರಿ" ಎನ್ನುತ್ತಿದ್ದರು.

ಬಾಬು ಒಂದು ಸಲ ವೈಜನಾಥ ಎಂಬ ಹುಡುಗ ಹುಲ್ಲಿನಲ್ಲಿ ಹಣ್ಣಿಗಿಟ್ಟಿದ್ದ ಸೀತಾಫಲಗಳನ್ನು ತಿಂದುಬಿಟ್ಟಿದ್ದ. ಮೂಗಿನಲ್ಲಿ ರಕ್ತ ಬರುವ ತನಕ ಬಡಿದಾಟವಾಯಿತು. ವೈಜನಾಥನಾಗಿ ನಿಂತ ಬಾಬು, ನಾನು ವೈಜನಾಥ, ನನ್ನ ನಾಲ್ಕು ಹಣ್ಣು ಹೋದವು, ಅದಕ್ಕೆ ಹೊಡೆದೆ ಎಂದ. ವೈಜನಾಥ ಅಲ್ಲ ಎಂದು ತಲೆ ಅಲ್ಲಾಡಿಸಿದ. ಅವನ ಅಕ್ಕ ಬಾಣಂತನಕ್ಕೆ ಬರುವವಳಿದ್ದಳು, ಅವಳಿಗೆಂದು ಇಟ್ಟಿದ್ದನಂತೆ, ದಿನಾ ಹೋಗಿ ಒತ್ತಿ ನೋಡುತ್ತಿದ್ದನಂತೆ. ಬಾಬು ಮತ್ತೆ ಮೊದಲಿನಿಂದ ಶುರುಮಾಡಿದ. ನಾನು ವೈಜನಾಥ, ನನ್ನ ಅಕ್ಕ ಬರ್ತಾಳೆ ಎನ್ನುವಷ್ಟರಲ್ಲಿ ಮುಂದೆ ಹೇಳಲಾಗದೆ ಅತ್ತುಬಿಟ್ಟ. ಹಣ್ಣಿನ ಒಡೆಯನೇ ಅವನನ್ನು ಸಮಾಧಾನ ಮಾಡಬೇಕಾಯಿತು.

ಈ ಪಾಠವನ್ನು ನಾನು ಮನೆಗೂ ಒಯ್ದೆ. ನನ್ನ ಅಪ್ಪ ಶರಣಪ್ಪನ ಹೊಲ ಡಾಬಕಾದಲ್ಲಿತ್ತು. ಅಲ್ಲಿಂದ ಹೆಸರು, ಉದ್ದು ಬಂಡಿಯಲ್ಲಿ ಹೇರಿಕೊಂಡು ಔರಾದಿನ ಸಂತೆಗೆ ತರುತ್ತಿದ್ದ. ಒಂದು ದಿನ ಸಂತೆಯಲ್ಲಿ ಹರಟೆಗೆ ಕೂತು ಉಪ್ಪು ತರುವುದನ್ನು ಮರೆತು ಬಂದ. ಅವ್ವ ನೀಲಮ್ಮ ರೇಗಿದಳು. ನಾನು ನಡುವೆ ನಿಂತು ಮಾಸ್ತರರ ಕಾಯಿದೆ ಹೇಳಿದೆ. ಅಪ್ಪ ಧೋತರದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ನಾ ನೀಲಮ್ಮ. ಈ ಗಂಡಸಿಗಿ ಸಂತ್ಯಾಗ ಮಂದಿ ಸಿಕ್ರ ಮನಿ ನೆನಪು ಇರೂದಿಲ್ಲ" ಎಂದು ಅವ್ವನ ದನಿಯಲ್ಲೇ ಹೇಳಿದ. ಅವ್ವ ಒಲೆಯ ಮುಂದೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆ ಸಲದ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ದಿನ, ಹೊಲದಲ್ಲಿ ಭಜ್ಜಿ, ಅಂಬಲಿ ಉಣ್ಣಲು ಎಂದಿನಂತೆ ಮಾಸ್ತರರು ಬಂದಾಗ ಅಪ್ಪ ಇದನ್ನು ಹೇಳಿ ಮತ್ತೊಮ್ಮೆ ಎಲ್ಲರನ್ನೂ ನಗಿಸಿದ. ಅಪ್ಪನ ಅರ್ಜಿಗಳನ್ನೆಲ್ಲ ಉರ್ದುವಿನಲ್ಲಿ ಬರೆದುಕೊಡುತ್ತಿದ್ದವರು ಅವರೇ. ಎರಡು ಮನೆಗಳ ನಡುವೆ ಅಷ್ಟು ಬಳಕೆ ಇತ್ತು.

ಮುಂದಿನ ಬೇಸಿಗೆ ಕೆಟ್ಟದ್ದಾಗಿತ್ತು. ನಿಜಾಮರ ಪರವಾಗಿ ಕತ್ತಿ ಬಂದೂಕು ಹಿಡಿದ ಗುಂಪುಗಳು ಊರೂರು ತಿರುಗುತ್ತಿದ್ದವು. ಅವರ ಹೆಸರನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಎತ್ತುವುದಿಲ್ಲ. ಎಷ್ಟೋ ಮನೆಗಳವರು ಗಡಿ ದಾಟಿ ಸೋಲಾಪುರದ ಕಡೆಗೆ ಹೋದರು. ಅಪ್ಪ ಹೋಗಲಿಲ್ಲ, ಬಿತ್ತುವ ದಿನ ಹತ್ತಿರ ಬಂದಿದೆ ಎಂದ. ಡಾಬಕಾದಿಂದ ಬರುವ ದಾರಿಯಲ್ಲಿ ಅವನನ್ನು ಕೊಂದರು. ಜೊತೆಗಿದ್ದ ಆಳು ಹಳ್ಳದಲ್ಲಿ ಅಡಗಿ ಉಳಿದುಕೊಂಡವನು ಅದೇ ಬಂಡಿಯಲ್ಲಿ ಅಪ್ಪನನ್ನು ಮನೆಗೆ ತಂದ.

ನಡುಮಧ್ಯಾಹ್ನ. ಓಣಿಯ ಮಂದಿಯೆಲ್ಲ ಬಂದು ಅಂಗಳ ತುಂಬಿತು. ಓಣಿಯ ಕೊನೆಯ ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಅದನ್ನು ನಾನು ಅಂದು ಗಮನಿಸಲಿಲ್ಲ. ಹತ್ತು ವರ್ಷದ ನನಗೆ ಕಂಡದ್ದು ಬಂಡಿಯಿಂದ ಹೊರಗೆ ಚಾಚಿದ್ದ ಅಪ್ಪನ ಪಾದಗಳು ಅಷ್ಟೇ.

ಮಳೆಗಾಲ ಮುಗಿಯುವ ಹೊತ್ತಿಗೆ ಪೊಲೀಸ್ ಕಾರ್ಯಾಚರಣೆಯಾಯಿತು. ಹಿಂದೂಸ್ಥಾನದ ಫೌಜು ಬಂತು, ನಿಜಾಮರ ರಾಜ್ಯ ಮುಗಿಯಿತು ಎಂದು ಊರವರು ಸಕ್ಕರೆ ಹಂಚಿದರು. ಆಮೇಲಿನ ವಾರಗಳಲ್ಲಿ ಸೇಡು ತೀರಿಸುವವರು ಹೊರಟರು. ಯಾರ ಮೇಲೆ ತೀರಿಸುತ್ತಿದ್ದೇವೆ ಎಂಬುದನ್ನು ಅವರೂ ನೋಡಲಿಲ್ಲ. ನನ್ನ ವರ್ಗದಲ್ಲಿ ನನ್ನ ಪಕ್ಕವೇ ಕೂರುತ್ತಿದ್ದ ಜೈನಾಬಿಯ ಅಪ್ಪ ಹತ್ತಿ ಹಿಂಜುವವನು. ನಮ್ಮ ಮನೆಯ ಗಾದಿಗಳ ಹತ್ತಿಯನ್ನು ಅವನೇ ಹಿಂಜುತ್ತಿದ್ದ. ಒಂದು ದಿನ ಬೆಳಗ್ಗೆ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಹಳ್ಳಿಗೆ ಹೋದವನು ತಿರುಗಿ ಬರಲೇ ಇಲ್ಲ.

ದೀಪಾವಳಿ ಕಳೆದ ಮೇಲೆ ಶಾಲೆ ತೆರೆಯಿತು. ಅರ್ಧ ಮಕ್ಕಳು ಇರಲಿಲ್ಲ. ಮಾಸ್ತರರ ಗಡ್ಡದಲ್ಲಿ ಬಿಳಿ ಕೂದಲು ಬಂದಿದ್ದವು. ಹಾಜರಿ ಪುಸ್ತಕ ತೆರೆದು, ಇಂದಿನಿಂದ ಬರೀ ಹಾಜರ್ ಎಂದರೆ ಸಾಕು, ಹೇಳಬೇಕು ಅನ್ನಿಸಿದಾಗ ಹೇಳಿ ಎಂದರು. ಎಂಟು ಹತ್ತು ದಿನ ಯಾರೂ ಏನೂ ಹೇಳಲಿಲ್ಲ. ಒಂದು ಬೆಳಗ್ಗೆ ಜೈನಾಬಿ ಎದ್ದು ನಿಂತಳು. "ಹಾಜರ್ ಜನಾಬ್. ಅಬ್ಬಾ ನೆನಪಾಗ್ಯಾರ" ಎಂದಳು.

ನನಗೆ ಆಗ ಏನಾಯಿತೆಂದು ಈಗ ವಿವರಿಸಬಲ್ಲೆ, ಅಂದು ಆಗುತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ನಾನು ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ನನಗೆ ಬಾರದೆ ಹೋದ ಮಾತನ್ನು ಅವಳು ಎಲ್ಲರ ಮುಂದೆ ಸಲೀಸಾಗಿ ಹೇಳಿಬಿಟ್ಟಳು. ಅದೂ ಅವಳು, ಅವರ ಕಡೆಯವಳು ಎಂದು ನನ್ನ ಒಳಗೆ ಏನೋ ಕುದಿಯಿತು. ಕೈಯಲ್ಲಿದ್ದ ಪಾಟಿಯನ್ನು ಬೀಸಿ ಹೊಡೆದೆ. ಕಲ್ಲಿನ ಪಾಟಿಯ ಮೂಲೆ ಅವಳ ಹಣೆಗೆ ತಗಲಿ ರಕ್ತ ಹುಬ್ಬಿನ ಮೇಲೆ ಇಳಿಯಿತು. ಅವಳು ಅಳಲಿಲ್ಲ, ನನ್ನನ್ನೇ ನೋಡುತ್ತ ನಿಂತಳು.

ಆಪ್ ಎಂದು ಶುರುವಾಗುತ್ತದೆ ಎಂದುಕೊಂಡೆ. ಮಾಸ್ತರರು ಉರ್ದುವಿನಲ್ಲೂ ಮಾತಾಡಲಿಲ್ಲ, ಕನ್ನಡದಲ್ಲೂ ಮಾತಾಡಲಿಲ್ಲ. ತಮ್ಮ ಕರವಸ್ತ್ರದಿಂದ ಜೈನಾಬಿಯ ಹಣೆ ಕಟ್ಟಿ, ಅವಳ ಕೈ ಹಿಡಿದುಕೊಂಡು ಕಂಪೌಂಡರನ ಬಳಿಗೆ ಹೋದರು. ನಾನು ಮನೆಗೆ ಹೋಗಿ, ಮಾಡಿದ್ದನ್ನು ಅವ್ವನಿಗೆ ಹೇಳಿ, ಇನ್ನು ಶಾಲೆಗೆ ಹೋಗುವುದಿಲ್ಲ ಎಂದೆ. ಅವ್ವ ಬೈಯಲೂ ಇಲ್ಲ, ಹೋಗು ಎನ್ನಲೂ ಇಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮಾಸ್ತರರು ನಮ್ಮ ಅಂಗಳಕ್ಕೆ ಬಂದರು. ಅಪ್ಪ ಹೋದ ಮೇಲೆ ಅದೇ ಮೊದಲ ಸಲ. ಅವ್ವ ಕಟ್ಟೆಯ ಮೇಲೆ ಮೊರದಲ್ಲಿ ಹೆಸರು ಕೇರುತ್ತಿದ್ದಳು. ಕೂಡ್ರಿ ಎನ್ನಲಿಲ್ಲ. ಅವರು ನಿಂತುಕೊಂಡೇ, ಜೈನಾಬಿಯ ಗಾಯ ಮಾಯುತ್ತಿದೆ, ಕಸ್ತೂರಿಯನ್ನು ಶಾಲೆಗೆ ಕಳಿಸಿ, ಯಾರೂ ಅವಳನ್ನು ಏನೂ ಅನ್ನುವುದಿಲ್ಲ ಎಂದು ಕೇಳಿಕೊಂಡರು. ಅವ್ವ ಕೇರುತ್ತಲೇ ಇದ್ದಳು. ಅವರ ಮಾತು ಮುಗಿದ ಮೇಲೆ ತಲೆ ಎತ್ತಿದಳು.

"ಹುಡುಗರಿಗಿ ಎದುರಿನವರ ಮಾತು ಹೇಳಸ್ತೀರಿ. ನನ್ನ ಮಾತು ನೀವು ಹೇಳ್ರಿ ಮಾಸ್ತರ. ಬರ್ತದೇನು ನೋಡ್ತೇನಿ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾಸ್ತರರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾ ನೀಲಮ್ಮ ಎಂದು ಶುರುಮಾಡಿದರು. ಆ ಎರಡು ಶಬ್ದ ಕೇಳಿದ್ದೇ, ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದ ಅಪ್ಪ ನನ್ನ ಕಣ್ಣ ಮುಂದೆ ಬಂದ. ನನ್ನ ಗಂಡನನ್ನು ಬಂಡಿಯ ಮೇಲೆ ತಂದರು, ಓಣಿಯ ಮಂದಿ ಬಂದರು, ಎಳ್ಳಮಾಸಿಗೆ ನಮ್ಮ ಹೊಲದಲ್ಲಿ ಕೂತು ಉಂಡಿದ್ದ ಗಫೂರ್ ಮಾಸ್ತರ ಬರಲಿಲ್ಲ, ಅವರಿಗೆ ಸುದ್ದಿ ಗೊತ್ತಾಗಲಿಲ್ಲವೇನೋ ಎಂದುಕೊಂಡೆ ಎಂದರು.

"ಅಲ್ಲ" ಎಂದಳು ಅವ್ವ. "ಸುದ್ದಿ ನಿಮಗ ಗೊತ್ತಿತ್ತು. ಕಿಡಕಿ ಸಂದಿಂದ ನೋಡ್ತಿದ್ರಿ. ನಾ ಕಂಡೀನಿ."

ಮಾಸ್ತರರ ಮುಖ ಬಿಳಿಚಿತು. ತಾನು ಕಿಟಕಿಯಿಂದ ನೋಡಿದ್ದನ್ನು ಯಾರೂ ಕಂಡಿಲ್ಲ ಎಂದು ಅಷ್ಟು ತಿಂಗಳು ಅಂದುಕೊಂಡಿದ್ದ ಮನುಷ್ಯ. ಮತ್ತೆ ಮೊದಲಿನಿಂದ ಹೇಳಿದರು. ಬಂಡಿ ಬಂತು, ಮಂದಿ ಬಂದರು, ಮಾಸ್ತರ ಕಿಟಕಿಯಿಂದ ನೋಡಿದರು, ಬಾಗಿಲು ತೆರೆಯಲಿಲ್ಲ, ನನಗೆ ಅವರ ಮೇಲೆ ಬಹಳ ಸಿಟ್ಟು ಬಂತು.

"ಸಿಟ್ಟಲ್ಲ" ಎಂದಳು ಅವ್ವ.

"ಮತ್ತೇನು ತಾಯಿ?"

ಅವ್ವನ ಕೈಯಲ್ಲಿ ಮೊರ ನಿಂತಿತು. ಅವಳು ಯಾವ ಶಾಲೆಯಲ್ಲೂ ಓದಿದವಳಲ್ಲ. ಮಾಸ್ತರರು ನಮಗೆ ಮಾಡಿಸುತ್ತಿದ್ದಂತೆಯೇ ಅವಳೂ ಒಳಗೆ ಎಲ್ಲೋ ಹುಡುಕುತ್ತಿದ್ದಳು. "ಒಬ್ಬಾಕಿ ಆದೆ ಅನಸ್ತು. ಅಂಗಳ ತುಂಬ ಮಂದಿ. ನಿಮ್ಮ ಬಾಗಲಾ ನೋಡಿದೆ, ಒಬ್ಬಾಕೇ ಆದೆ ಅನಸ್ತು" ಎಂದಳು.

ಮಾಸ್ತರರು ಮೂರನೆಯ ಸಲ ಹೇಳಿದರು. ಬಂಡಿ, ಅಂಗಳ, ಕಿಟಕಿ, ಬಾಗಿಲು, ತುಂಬಿದ ಮಂದಿಯ ನಡುವೆ ಒಬ್ಬಳೇ ಆದದ್ದು, ಯಾವುದನ್ನೂ ಬಿಡದೆ ಹೇಳಿದರು. ಕೊನೆಗೆ ಅವರ ದನಿ ಅವರ ಕೈಯಲ್ಲಿರಲಿಲ್ಲ. ಅವ್ವ ಹೌದು ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪ ಸತ್ತ ಮೇಲೆ ಅವಳು ಹಾಗೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಾಯಿದೆಯ ಪ್ರಕಾರ ಇನ್ನು ಅವ್ವನ ಪಾಳಿ. ಅವ್ವನಿಗೂ ಅದು ಗೊತ್ತಿತ್ತು. "ನಿಮ್ಮ ಮಾತು ನಾ ಹೇಳ್ಬೇಕು. ಇವತ್ತ ನನಗ ಆಗೂದಿಲ್ರಿ" ಎಂದಳು. ಮಾಸ್ತರರು ಬೇಡ ತಾಯಿ, ಅವಸರವಿಲ್ಲ ಎಂದು ಟೋಪಿ ಹಾಕಿಕೊಂಡು ಹೋದರು. ಮರುದಿನ ಅವ್ವ ನನ್ನ ತಲೆ ಬಾಚಿ, ಜಡೆ ಹೆಣೆದು ಶಾಲೆಗೆ ಕಳಿಸಿದಳು.

ಕ್ಷಮೆ ಕೇಳು ಎಂದು ಮಾಸ್ತರರು ನನಗೆ ಹೇಳಲಿಲ್ಲ. ನನ್ನನ್ನೂ ಜೈನಾಬಿಯನ್ನೂ ಎದುರುಬದುರು ನಿಲ್ಲಿಸಲೂ ಇಲ್ಲ. ಜೈನಾಬಿಯನ್ನು, ನೀನು ಎಲ್ಲಿ ಕೂರುತ್ತೀ ಎಂದಷ್ಟೇ ಕೇಳಿದರು. ಹಣೆಯ ಮೇಲೆ ಪಟ್ಟಿ ಕಟ್ಟಿಕೊಂಡಿದ್ದ ಅವಳು ಯೋಚಿಸಿ, "ನನ್ನ ಜಾಗಾದಾಗೇ ಕೂಡ್ತೇನಿ. ಪಾಟಿ ಮಾತ್ರ ಅಕಿ ಕೈಯಾಗ ಕೊಡಬ್ಯಾಡ್ರಿ" ಎಂದಳು. ವರ್ಗವೆಲ್ಲ ನಕ್ಕಿತು, ಅವಳೂ ಸ್ವಲ್ಪ ನಕ್ಕಳು. ನನಗೆ ನಗು ಬರಲಿಲ್ಲ. ಆ ವಾರವೆಲ್ಲ ನಾನು ಲೆಕ್ಕವನ್ನು ಬಾಯಲ್ಲಿ ಹೇಳುವುದು, ಅವಳು ತನ್ನ ಪಾಟಿಯ ಮೇಲೆ ನನ್ನದನ್ನೂ ಬರೆಯುವುದು ಹೀಗೆ ನಡೆಯಿತು. ನಾನು ತಪ್ಪು ಹೇಳಿದರೆ ಅವಳು ತಪ್ಪನ್ನೇ ಬರೆಯುತ್ತಿದ್ದಳು, ಅದು ಅವಳ ಸೇಡು. ಒಂದು ಮಧ್ಯಾಹ್ನ ಅವಳು ಬರೆಯುತ್ತಿದ್ದಾಗ ನಾನು, ನನಗೂ ಅಪ್ಪ ನೆನಪಾಗುತ್ತಾನೆ ಎಂದು ಮೆಲ್ಲಗೆ ಹೇಳಿದೆ. ಅವಳು ಬಳಪ ನಿಲ್ಲಿಸಿ ಗೊತ್ತು ಎಂದಳು. ಕ್ಷಮೆಯ ಮಾತು ಅದಾದ ಮೇಲೆ ಬಂತು, ತಾನಾಗಿ ಬಂತು.

ಆಮೇಲೆ ನಮ್ಮ ಶಾಲೆ ಕನ್ನಡ ಶಾಲೆಯಾಯಿತು. ಮಾಸ್ತರರಿಗೆ ಮಾತಿನ ಕನ್ನಡ ನೀರು ಕುಡಿದಷ್ಟು ಸಲೀಸು, ಅಕ್ಷರ ಬಾರದು. ನಮ್ಮಿಂದಲೇ ಕಲಿತರು. ಎಡದಿಂದ ಬಲಕ್ಕೆ ಬರೆಯುವುದು ಅವರ ಕೈಗೆ ಒಗ್ಗಲು ಬಹಳ ದಿನ ಬೇಕಾಯಿತು. ನಾವು ನಕ್ಕರೆ, ನಗಿ, ಆದರೆ ಎಲ್ಲಿ ತಪ್ಪಿದೆ ಎಂದೂ ತೋರಿಸಿ ಎನ್ನುತ್ತಿದ್ದರು. ದೊಡ್ಡವರ ತಪ್ಪನ್ನು ಅವರ ಮರ್ಯಾದೆ ಹೋಗದಂತೆ ತಿದ್ದುವುದನ್ನು ನಾವು ಕಲಿತದ್ದು ಹಾಗೆ.

ಮರುವರ್ಷ ಅವರಿಗೆ ಬೀದರಿಗೆ ವರ್ಗವಾಯಿತು. ಹೊರಡುವ ದಿನ ಮೋಟಾರು ನಿಲ್ಲುವಲ್ಲಿಗೆ ಮಕ್ಕಳೆಲ್ಲ ಹೋಗಿದ್ದೆವು. ಗಂಡ ಸತ್ತ ಮೇಲೆ ಪೇಟೆಯ ಕಡೆಗೆ ಬಾರದಿದ್ದ ಅವ್ವ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಬಂದಳು. ಬುತ್ತಿಯನ್ನು ಮಾಸ್ತರರ ಹೆಂಡತಿಯ ಕೈಗೆ ಕೊಟ್ಟು, ಮಾಸ್ತರರ ಎದುರು ನಿಂತಳು. ನನ್ನ ಪಾಳಿ ಉಳಿದಿದೆ ಎಂದಳು. ಸುತ್ತ ಇಷ್ಟೊಂದು ಮಂದಿ ಇದ್ದಾರೆ ಎಂಬುದನ್ನೂ ನೋಡದೆ ಹೇಳಿದಳು.

"ನಾ ಗಫೂರ್ ಮಾಸ್ತರ. ಮನಿಯಾಗ ಹೆಂಡತಿ ಇದ್ದಳು. ಹೊರಗ ಬಂದ್ರ ಆ ಕತ್ತಿ ಮಂದಿ ನನಗೂ ಕಡೀತಿದ್ರು. ಅದಕ್ಕ ಬಾಗಲಾ ತೆರೀಲಿಲ್ಲ."

ಮೋಟಾರಿನವನು ಹಾರ್ನು ಒತ್ತುತ್ತಿದ್ದ. ಮಾಸ್ತರರು ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವ್ವ ಅಷ್ಟು ದಿನ ಯೋಚಿಸಿ ಅವರಿಗೊಂದು ಒಳ್ಳೆಯ ಕಾರಣ ಕಟ್ಟಿಕೊಂಡು ತಂದಿದ್ದಳು, ಊರವರ ಮುಂದೆ ಕೊಟ್ಟಿದ್ದಳು. ಅವರು ತಲೆ ಅಲ್ಲಾಡಿಸಿದರು.

"ಅಲ್ಲ ತಾಯಿ. ಆವಾಗ ಓಣ್ಯಾಗ ಆ ಮಂದಿ ಯಾರೂ ಇರಲಿಲ್ಲ. ನಿಮ್ಮ ಮಾರಿ ಹ್ಯಾಂಗ ನೋಡ್ಲಿ ಅಂತ ಅಂಜಿದೆ. ಅಷ್ಟೇ ಇತ್ತು."

ಅವ್ವ ಅವರನ್ನೇ ನೋಡಿದಳು. ಆಮೇಲೆ ಪಾಠ ತಿದ್ದಿಕೊಳ್ಳುವ ಹುಡುಗಿಯಂತೆ, "ನಾ ಗಫೂರ್ ಮಾಸ್ತರ. ಅಕಿ ಮಾರಿ ನೋಡ್ಲಾಕ ಅಂಜಿದೆ" ಎಂದಳು. ಹೌದು ಎಂದರು ಮಾಸ್ತರರು. ಮೋಟಾರು ಹೊರಟಿತು. ಮನೆಗೆ ಬರುವ ದಾರಿಯಲ್ಲಿ ಅವ್ವನ ಹೆಜ್ಜೆ ಹಗುರವಾಗಿತ್ತು.

ನಾನು ಮುಂದೆ ಟ್ರೇನಿಂಗ್ ಮುಗಿಸಿ ಬೀದರಿನ ನೌಬಾದದ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ, ಅಲ್ಲಿನ ಮಕ್ಕಳು ಹೆಣ್ಣು ಶಿಕ್ಷಕರನ್ನು ಬಾಯಿ ಎಂದು ಕರೆಯುತ್ತಿದ್ದರು. ಹೈದರಾಬಾದ್ ರಾಜ್ಯ ಅಷ್ಟು ಹೊತ್ತಿಗೆ ಒಡೆದು, ನಾವು ಮೈಸೂರು ರಾಜ್ಯದವರಾಗಿದ್ದೆವು. ಮಾಸ್ತರರು ನಿವೃತ್ತರಾಗಿ ಬೀದರಿನಲ್ಲೇ ಹಳೆಯ ಊರಿನ ಒಂದು ಗಲ್ಲಿಯಲ್ಲಿದ್ದರು. ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಒಂದು ಭಾನುವಾರ, ಇದೆಲ್ಲ ನಿಮಗೆ ಯಾರು ಕಲಿಸಿದರು ಎಂದು ಕೇಳಿದೆ. ಅವರು ನೆಲ ನೋಡುತ್ತ ಭಾಲ್ಕಿಯ ಮಾತು ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗನ ಕೆನ್ನೆಗೆ ಹೊಡೆದಿದ್ದರಂತೆ. ಲೆಕ್ಕ ತಪ್ಪಿದ್ದಕ್ಕೆ ಹೊಡೆತ, ಆದರೆ ಆ ದಿನದ ಸಿಟ್ಟು ಬೇರೆ ಯಾರದೋ ಮೇಲಿನದು. ಹುಡುಗನ ಆ ಕಡೆಯ ಕಿವಿ ಮತ್ತೆ ಕೇಳಿಸಲಿಲ್ಲ. ಇವರು ಅವನ ಮನೆಗೆ ಹೋದರು. ಹುಡುಗನ ಅಪ್ಪ ಇವರಿಗೇ ಕೈಮುಗಿದು, ನೀವು ಅವನ ಒಳ್ಳೆಯದಕ್ಕೇ ಹೊಡೆದಿರಿ ಎಂದನಂತೆ, ಚಹಾ ಕುಡಿಸಿದನಂತೆ.

"ಅವತ್ತ ಯಾರರೆ ನನಗ ಬೈದಿದ್ರ ಚಲೋ ಇತ್ತವ್ವ. ಯಾರೂ ಬೈಲಿಲ್ಲ. ನಿಮ್ಮ ಅವ್ವ ಒಬ್ಬಾಕಿ ಸಿಕ್ಕಳು" ಎಂದರು.

ಆ ವರ್ಷ ನನ್ನ ವರ್ಗದಲ್ಲಿ ಲಕ್ಷ್ಮಿ ಎಂಬ ಹುಡುಗಿ ಇದ್ದಳು. ಅಷ್ಟೂರು ಎಂಬ ಹಳ್ಳಿಯಿಂದ ಬಂದ ಮನೆಯವಳು. ಯಾರಾದರೂ ಬಿದ್ದರೆ, ಪೆಟ್ಟಾದರೆ, ರಕ್ತ ಬಂದರೆ ಅವಳು ನಗುತ್ತಿದ್ದಳು. ಕೇಳಿದವರ ಮೈ ಉರಿಯುವಂಥ ನಗು. ಮಕ್ಕಳು ಅವಳನ್ನು ದೂರವಿಟ್ಟಿದ್ದರು, ಉಳಿದ ಶಿಕ್ಷಕರು ಕಲ್ಲೆದೆಯವಳು ಎನ್ನುತ್ತಿದ್ದರು. ಏನು ಮಾಡಲಿ ಎಂದು ಮಾಸ್ತರರನ್ನು ಕೇಳಿದೆ. ತನಗೆ ಗೊತ್ತಿಲ್ಲ ಎಂದರು. ಅವರಿಗೆ ಆ ಮಾತು ಹೇಳಲು ಎಂದೂ ಸಂಕೋಚವಿರಲಿಲ್ಲ. ದಿನಾ ಅವಳ ಪಕ್ಕ ಕೂತು ಊಟ ಮಾಡು ಎಂದರು. "ಯಾಕ ನಗ್ತಿ ಅಂತ ಕೇಳಬ್ಯಾಡ. ಯಾಕ ಅಂತ ಕೇಳಿದ್ರ ಮಕ್ಕಳು ನಮಗ ಬೇಕಾದ ಜವಾಬು ಹುಡುಕ್ತಾವ" ಎಂದರು.

ಹಾಗೆಯೇ ಮಾಡಿದೆ. ಒಂದು ವಾರವಾಯಿತು, ಎರಡಾದವು. ಬುತ್ತಿಯ ಪಲ್ಲೆಯ ಮಾತು ಬಿಟ್ಟು ಬೇರೆ ಮಾತಿಲ್ಲ. ಒಂದು ದಿನ ಒಬ್ಬ ಪುಟ್ಟ ಹುಡುಗ ಮೆಟ್ಟಿಲ ಮೇಲಿಂದ ಬಿದ್ದು ತುಟಿ ಒಡೆದುಕೊಂಡ. ಲಕ್ಷ್ಮಿ ನಕ್ಕಳು. ನಕ್ಕವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ಬಳಿಗೆ ಓಡಿಬಂದಳು.

"ಬಾಯಿ, ನನಗ ನಗು ಬರ್ತದ. ಆದ್ರ ಇದು ನಗು ಅಲ್ರಿ. ಎದಿ ಹೊಡಕೊಳ್ತದ" ಎಂದಳು.

ನಾನು ಅವಳನ್ನು ಹತ್ತಿರ ಕೂರಿಸಿಕೊಂಡೆ. ಅವಳು ತಾನಾಗಿಯೇ ಮನೆಯ ಎಷ್ಟೋ ಸಂಗತಿಗಳನ್ನು ಹೇಳಿದಳು, ಅವನ್ನು ಇಲ್ಲಿ ಬರೆಯುವುದು ಸರಿಯಲ್ಲ. ಆಮೇಲೆ ಎದ್ದು ಹೋಗಿ ಆ ಪುಟ್ಟ ಹುಡುಗನ ಅಂಗಿಯ ಧೂಳು ಜಾಡಿಸಿದಳು.

ಭಾನುವಾರ ಬರುವುದನ್ನೇ ಕಾದು ಮಾಸ್ತರರ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ ಹಲೀಮಾಬಿ. ಮುಖ ನೋಡಿದ ಕೂಡಲೇ ಗೊತ್ತಾಯಿತು. ಮಾಸ್ತರರು ಹೋಗಿ ಹದಿನೈದು ದಿನವಾಯಿತಂತೆ. ಬೆಳಗಿನ ನಮಾಜಿಗೆ ಎದ್ದವರು ಹಾಗೆಯೇ ಗೋಡೆಗೆ ಒರಗಿದರಂತೆ. ನನಗೆ ತಿಳಿಸಬೇಕೆಂದರೆ ನನ್ನ ಶಾಲೆಯ ಹೆಸರು ಅವರಿಗೆ ಸರಿಯಾಗಿ ನೆನಪಿರಲಿಲ್ಲ. ನಾನು ಹೊಸ್ತಿಲ ಮೇಲೆಯೇ ಕುಳಿತುಬಿಟ್ಟೆ. ಹಲೀಮಾಬಿ ಒಳಗೆ ಹೋಗಿ ಚಹಾ ಮಾಡಿ ತಂದರು. ಆಮೇಲೆ ಅವರೇ, ನೀವು ಇವತ್ತು ಏನೋ ಹೇಳಲೆಂದೇ ಬಂದವರಂತೆ ಇದ್ದೀರಿ ಎಂದರು. ನಾನು ಲಕ್ಷ್ಮಿಯ ಹೆಸರು ಹೇಳಿದೆ.

ಹಲೀಮಾಬಿ ಚಹಾದ ಬಸಿಯನ್ನು ಕೆಳಗಿಟ್ಟರು. "ಆ ನಗೂ ಹುಡುಗಿ. ದಿನಾ ಉಣ್ಲಾಕ ಕುಂತಾಗ ಅಕಿದೇ ಮಾತು. ಮಾತಾಡಿದಳೋ ಇಲ್ಲೋ, ಮಾತಾಡಿದಳೋ ಇಲ್ಲೋ ಅಂತ ನನಗ ಕೇಳ್ತಿದ್ರು. ನನಗೇನು ಗೊತ್ತು" ಎಂದರು. ದುಪಟ್ಟಾದಿಂದ ಕಣ್ಣು ಒರೆಸಿಕೊಂಡು, ನನ್ನ ಎದುರು ಹೊಸ್ತಿಲ ಆ ಬದಿಗೆ ನೆಲದ ಮೇಲೆ ಕೂತು, ಸರಿಯಾಗಿ ಕಾಲು ಮಡಚಿಕೊಂಡರು.

"ಹೇಳ್ರಿ. ನನಗ ಹೇಳ್ರಿ. ಮೊದಲಿಂದ ಹೇಳ್ರಿ."

ನಾನು ಮೊದಲಿನಿಂದ ಹೇಳಿದೆ.